ಬೇರಿನ ಬದಲು ಎಲೆ ಹಾಕಿದರೆ ನಡೆಯುತ್ತಾ?

ಅಶ್ವಗಂಧದ ಎಲೆ ಬಳಸಬೇಡಿ, ಬೇರನ್ನೇ ಬಳಸಿ ಅಂತ ಆಯುಷ್ ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಔಷಧಿ ತಯಾರಕರಿಗೆ ಸಲಹೆ ಕೊಟ್ಟಿತು. ಕಾಡು ಉಳಿಸುವ ಕೆಲಸದಲ್ಲಿ ಇರುವವರು ಎಷ್ಟೋ ವರ್ಷಗಳಿಂದ ಹೇಳುತ್ತಿರುವುದು ಇದಕ್ಕೆ ಉಲ್ಟಾ. ಬೇರು ಕೀಳಬೇಡಿ, ತೊಗಟೆ ಸುಲಿಯಬೇಡಿ, ಆದಷ್ಟು ಎಲೆಯನ್ನೋ ಸಣ್ಣ ಕೊಂಬೆಯನ್ನೋ ಬಳಸಿ ಅನ್ನುತ್ತಾರೆ ಅವರು. ಎರಡನ್ನೂ ಒಟ್ಟಿಗೆ ಓದಿದವರಿಗೆ ತಲೆ ಕೆಡುವುದು ಸಹಜ ಅಲ್ವಾ?

ಇಬ್ಬರು ಹೇಳುವುದೂ ಸರಿಯೇ. ಯಾವ ಗಿಡ, ಯಾವ ಭಾಗ, ಯಾಕೆ ಬದಲಿಸುತ್ತಿದ್ದಾರೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಬಾಣಂತಿಗೆ ಕೊಡುವ ದಶಮೂಲಾರಿಷ್ಟ, ಹೆಂಗಸರ ತೊಂದರೆಗೆ ಕೊಡುವ ಅಶೋಕಾರಿಷ್ಟ, ಚಳಿಗಾಲದ ಚ್ಯವನಪ್ರಾಶ ಇವೆಲ್ಲ ಈ ಪ್ರಶ್ನೆಯೊಳಗೇ ಬರುತ್ತವೆ. ಹಾಗಾಗಿ ಬುಡದಿಂದಲೇ ನೋಡೋಣ.

ಒಂದೇ ಗಿಡ, ಒಳಗೆ ಬೇರೆ ಬೇರೆ ಸರಕು

ಮರವನ್ನು ಒಂದು ಮಹಡಿ ಮನೆ ಅಂದುಕೊಳ್ಳಿ. ಅಡುಗೆಮನೆ ಮಹಡಿಯ ಮೇಲಿದೆ, ಉಗ್ರಾಣ ನೆಲದ ಕೆಳಗಿದೆ. ಎಲೆಗಳಲ್ಲಿ ಬಿಸಿಲು ಹಿಡಿದು ಆಹಾರ ತಯಾರಾಗುತ್ತದೆ, ಖರ್ಚಾಗಿ ಉಳಿದದ್ದು ಬೇರಿಗೆ ಇಳಿದು ಅಲ್ಲಿ ಶೇಖರವಾಗುತ್ತದೆ. ಮೇಲಿನಿಂದ ಕೆಳಗೆ ಇಳಿಯುವ ಮೆಟ್ಟಿಲು ಇರುವುದು ತೊಗಟೆಯ ಒಳಪದರದಲ್ಲಿ. ಆ ಪದರಕ್ಕೆ ಫ್ಲೋಯಂ ಅನ್ನುತ್ತಾರೆ.

ಆಹಾರದ ಜೊತೆಗೆ ಗಿಡ ಇನ್ನೊಂದಿಷ್ಟು ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತದೆ. ಹುಳ ತಿನ್ನಬಾರದು, ಬೂಷ್ಟು ಹಿಡಿಯಬಾರದು, ದನ ಬಾಯಿ ಹಾಕಬಾರದು ಅಂತ. ನಾವು ಔಷಧೀಯ ಗುಣ ಅನ್ನುವುದು ಬಹುಪಾಲು ಈ ಕಾವಲಿನ ಸರಕನ್ನೇ. ಎಲೆಗೆ ಬರುವ ಶತ್ರು ಬೇರೆ, ಬೇರಿಗೆ ಬರುವ ಶತ್ರು ಬೇರೆ. ಆದ್ದರಿಂದ ಯಾವುದು ಎಲ್ಲಿ ಎಷ್ಟು ಇರುತ್ತದೆ ಅನ್ನುವುದೂ ಬೇರೆ ಬೇರೆ.

ಇನ್ನೂ ಒಂದು ಸೋಜಿಗ ಇದೆ. ತಯಾರಾಗುವ ಜಾಗ ಒಂದು, ಸೇರುವ ಜಾಗ ಇನ್ನೊಂದು ಆಗಿರಬಹುದು. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ತಂಬಾಕನ್ನೇ ತೆಗೆದುಕೊಳ್ಳಿ. ಅದರ ನಿಕೋಟಿನ್ ಎಲೆಯಲ್ಲಿ ಸಿಗುತ್ತದೆ ನಿಜ, ಆದರೆ ತಯಾರಾಗುವುದು ಬೇರಿನಲ್ಲಿ. ತಂಬಾಕಿನ ಬೇರಿಗೆ ಟೊಮೆಟೊ ಕಸಿ ಕಟ್ಟಿದರೆ ಟೊಮೆಟೊ ಎಲೆಗೂ ನಿಕೋಟಿನ್ ಬರುತ್ತದೆ. ರಕ್ತದೊತ್ತಡದ ಔಷಧಿ ರೆಸರ್ಪಿನ್ ಸಿಕ್ಕಿದ್ದು ಸರ್ಪಗಂಧದ ಬೇರಿನಲ್ಲಿ. ಬೇರಿನಲ್ಲೂ ಅದರ ತೊಗಟೆಯಲ್ಲೇ ಜಾಸ್ತಿ.

ಭಾಗ ಬದಲಾದರೆ ಗುಣ ಹೋಗಿ ವಿಷವೂ ಆಗಬಹುದು. ಗೇರುಹಣ್ಣನ್ನು ಚೀಪಿ ತಿನ್ನುತ್ತೇವೆ, ಒಳಗಿನ ಬೀಜ ಹುರಿದು ತಿನ್ನುತ್ತೇವೆ, ಅದೇ ಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಆಯುರ್ವೇದದಲ್ಲಿ ಇದಕ್ಕೊಂದು ಪದವೇ ಇದೆ: ಪ್ರಯೋಜ್ಯ ಅಂಗ. ಅಂದರೆ ಗಿಡದ ಯಾವ ಭಾಗ ಔಷಧಿಗೆ ಬರುತ್ತದೆ ಅನ್ನುವುದು. ಸರ್ಕಾರದ ಆಯುರ್ವೇದ ಔಷಧಕೋಶದಲ್ಲೂ ಗಿಡದ ಹೆಸರಿನ ಜೊತೆಗೇ ಬೇರು, ತೊಗಟೆ, ಹಣ್ಣು, ಸಮೂಲ ಅಂತ ಭಾಗವನ್ನು ಬರೆದಿರುತ್ತಾರೆ. ಸಮೂಲ ಅಂದರೆ ಬೇರುಸಹಿತ ಇಡೀ ಗಿಡ.

ಬೇರು ಕಿತ್ತರೆ ಏನಾಗುತ್ತದೆ?

ಗಿಡ ಸಾಯುತ್ತದೆ, ಇನ್ನೇನು. ಆದರೂ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತೊಗಟೆಯ ವಿಷಯದಲ್ಲಿ ಜನರಿಗೆ ತಪ್ಪು ಕಲ್ಪನೆ ಇದೆ. ಮರ ನಿಂತಿದೆ, ಮೇಲೆ ಹಸಿರು ಇದೆ, ಬರೀ ಚಕ್ಕೆ ತೆಗೆದಿದ್ದಾರೆ, ಮತ್ತೆ ಬರುತ್ತದೆ ಬಿಡಿ ಅಂದುಕೊಳ್ಳುತ್ತಾರೆ.

ತೊಗಟೆಯನ್ನು ಸುತ್ತಲೂ ಉಂಗುರದ ಹಾಗೆ ಸುಲಿದರೆ ಆ ಮೆಟ್ಟಿಲೇ ಕಡಿದು ಹೋಗುತ್ತದೆ. ಎಲೆಯಲ್ಲಿ ಆದ ಆಹಾರ ಬೇರಿಗೆ ಇಳಿಯುವುದಿಲ್ಲ. ನೀರು ಮೇಲಕ್ಕೆ ಹೋಗುವುದು ಒಳಗಿನ ಕಟ್ಟಿಗೆಯ ಮೂಲಕವಾದ್ದರಿಂದ ಎಲೆ ಕೆಲವು ಕಾಲ ಹಸಿರಾಗಿಯೇ ಇರುತ್ತದೆ. ಅಷ್ಟರಲ್ಲಿ ಕೆಳಗೆ ಬೇರು ಉಪವಾಸ ಬಿದ್ದು ಸಾಯುತ್ತಿರುತ್ತದೆ. ಬೇರು ಸತ್ತ ಮೇಲೆ ಮರ ಒಣಗುತ್ತದೆ. ಅಷ್ಟು ಹೊತ್ತಿಗೆ ಚಕ್ಕೆ ಸುಲಿದವರು ಊರು ಸೇರಿ, ಚಕ್ಕೆ ಗ್ರಂಥಿಗೆ ಅಂಗಡಿ ಸೇರಿ ಯಾವ ಕಾಲವಾಯಿತೋ.

ಒಂದು ಮಗ್ಗುಲಲ್ಲಿ ಮಾತ್ರ, ಉದ್ದಕ್ಕೆ ಪಟ್ಟಿ ತೆಗೆದು, ಉಳಿದದ್ದನ್ನು ಮುಟ್ಟದೆ ಬಿಟ್ಟರೆ ಕೆಲವು ಮರಗಳು ಚೇತರಿಸಿಕೊಳ್ಳುತ್ತವೆ. ಹೊಳೆಮತ್ತಿ, ಅಂದರೆ ಅರ್ಜುನ, ಇದರಲ್ಲಿ ಗಟ್ಟಿ. ಅದರ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ. ಎಲ್ಲ ಮರಗಳೂ ಹಾಗಿಲ್ಲ. ಪಟ್ಟಿ ತೆಗೆಯುವಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಕೆಜಿ ಲೆಕ್ಕದಲ್ಲಿ ದುಡ್ಡು ಕೊಡುವಾಗ, ಇವತ್ತು ನಾನು ಬಿಟ್ಟದ್ದನ್ನು ನಾಳೆ ಇನ್ನೊಬ್ಬ ಸುಲಿಯುತ್ತಾನೆ ಅಂತ ಗೊತ್ತಿರುವಾಗ, ಯಾರು ತಾನೇ ಬಿಡುತ್ತಾರೆ?

ಬೇಡಿಕೆ ಎಷ್ಟು ಅನ್ನುವುದಕ್ಕೂ ಒಂದು ಅಂದಾಜು ಬೇಕು. ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿಗಾಗಿ ಮಾಡಿದ ಅಧ್ಯಯನದ ಪ್ರಕಾರ 2014-15ರಲ್ಲಿ ದೇಶದ ಗಿಡಮೂಲಿಕೆ ಬೇಡಿಕೆ ಸುಮಾರು 5,12,000 ಟನ್. ವ್ಯಾಪಾರದಲ್ಲಿರುವ ಜಾತಿಗಳು 1,178. ಅದರಲ್ಲಿ 242 ಜಾತಿಗಳು ವರ್ಷಕ್ಕೆ 100 ಟನ್‌ಗಿಂತ ಜಾಸ್ತಿ ಮಾರಾಟವಾಗುತ್ತವೆ. ನಾರುಬೇರು ಅಂತ ಸುಮ್ನೆ ಹೆಸರು ಬಂದಿಲ್ಲ. ನಮ್ಮ ಔಷಧಿಗಳಲ್ಲಿ ಬೇರು, ತೊಗಟೆ, ಗಡ್ಡೆಗಳ ಪಾಲು ದೊಡ್ಡದು, ಮತ್ತು ಅವನ್ನು ತೆಗೆಯುವುದು ಗಿಡಕ್ಕೆ ಬಲು ದುಬಾರಿ.

ದಶಮೂಲದ ಕಷ್ಟ

ಹೆಸರೇ ಹೇಳುವ ಹಾಗೆ ದಶಮೂಲ ಅಂದರೆ ಹತ್ತು ಬೇರು. ಇವುಗಳಲ್ಲಿ ಐದು ಮರಗಳು: ಬಿಲ್ವ, ಶಿವನಿ, ಪಾದರಿ, ಅಗ್ನಿಮಂಥ, ಶ್ಯೋನಾಕ. ಇನ್ನೈದು ಸಣ್ಣ ಗಿಡಗಳು: ನೆಗ್ಗಿಲು, ನೆಲಗುಳ್ಳ, ಬೃಹತಿ, ಶಾಲಪರ್ಣಿ, ಪೃಶ್ನಿಪರ್ಣಿ. ದಶಮೂಲಾರಿಷ್ಟ ಒಂದೇ ಅಲ್ಲ, ಕಷಾಯ, ತೈಲ, ಲೇಹ್ಯ ಅಂತ ಲೆಕ್ಕವಿಲ್ಲದಷ್ಟು ಔಷಧಿಗಳಿಗೆ ಈ ಹತ್ತು ಬೇಕು. ಚ್ಯವನಪ್ರಾಶಕ್ಕೂ ಬೇಕು.

ಸಣ್ಣ ಗಿಡಗಳ ಕಥೆ ಅಷ್ಟೇನೂ ಕಷ್ಟದ್ದಲ್ಲ. ಬೇಗ ಬೆಳೆಯುತ್ತವೆ, ಬೀಜ ಚೆಲ್ಲುತ್ತವೆ. ನೆಲಗುಳ್ಳದಂಥದ್ದರಲ್ಲಿ ಬೇರು ಸಪೂರ. ಅದನ್ನೊಂದನ್ನೇ ಬಿಡಿಸಿ ತೂಕ ಮಾಡುವುದು ಗಿಟ್ಟದ ಕೆಲಸ. ಹಾಗಾಗಿ ಮಾರುಕಟ್ಟೆಯಲ್ಲಿ ಸಮೂಲವೇ ಓಡಾಡುತ್ತದೆ. ನೆಲಗುಳ್ಳವನ್ನು ಔಷಧಕೋಶವೂ ಸಮೂಲವಾಗಿಯೇ ಪಟ್ಟಿ ಮಾಡಿದೆ. ಭಾಗ ಬದಲಾವಣೆ ಅನ್ನುವುದು ಹೊಸ ವಿಚಾರ ಏನಲ್ಲ ಅನ್ನಲು ಇದೇ ಸಾಕ್ಷಿ.

ಕಷ್ಟ ಇರುವುದು ಮರಗಳಲ್ಲಿ. ಇಪ್ಪತ್ತು ಮೂವತ್ತು ವರ್ಷದ ಬಿಲ್ವವನ್ನು ಬೇರಿಗೋಸ್ಕರ ಉರುಳಿಸಿದರೆ ಒಂದು ಸಲ ಬೇರು ಸಿಕ್ಕಿತು, ಮುಗಿಯಿತು. ಅದೇ ಕಾಂಡದ ತೊಗಟೆಯನ್ನೋ, ವರ್ಷ ವರ್ಷ ಸವರಿದ ಕೊಂಬೆಯನ್ನೋ ಬಳಸಬಹುದಾದರೆ ಮರವೂ ಇರುತ್ತದೆ, ಸರಕೂ ಬರುತ್ತಿರುತ್ತದೆ. ಅದು ಆಗುತ್ತಾ ಅಂತ ನೋಡಲು ಬೇರಿನ ತೊಗಟೆ ಮತ್ತು ಕಾಂಡದ ತೊಗಟೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಅಧ್ಯಯನಗಳು ನಡೆದಿವೆ. ಶ್ಯೋನಾಕದಲ್ಲಿ ಒರಾಕ್ಸಿಲಿನ್-ಎ, ಬೈಕಾಲೀನ್, ಕ್ರೈಸಿನ್ ಅನ್ನುವ ಮುಖ್ಯ ರಾಸಾಯನಿಕಗಳು ಬೇರಿನ ತೊಗಟೆಯಲ್ಲೂ ಇವೆ, ಕಾಂಡದ ತೊಗಟೆಯಲ್ಲೂ ಇವೆ. ಅಂದರೆ ಇಲ್ಲಿ ಬದಲಾವಣೆಗೆ ಒಂದು ಆಧಾರ ಇದೆ. ಹಾಗಂತ ಐದೂ ಮರಗಳಿಗೆ ಇದೇ ಲೆಕ್ಕ ಹಚ್ಚಲು ಬರುವುದಿಲ್ಲ. ಒಂದೊಂದನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಮತ್ತೆ, ಇದೆಲ್ಲ ಮಾತಾಡುವಾಗ ಮರೆಯಬಾರದ ಒಂದು ವಾಸ್ತವ ಇದೆ. ಪುಸ್ತಕದಲ್ಲಿ ಬೇರು ಅಂತ ಇದ್ದರೂ ಪೇಟೆಯಲ್ಲಿ ಸಿಗುವ ದಶಮೂಲದ ಚೀಲದಲ್ಲಿ ಕಾಂಡದ ತುಂಡು, ಕೊಂಬೆಯ ತುಂಡು ಮೊದಲಿಂದಲೂ ಬೆರೆತೇ ಬರುತ್ತಿವೆ. ಬದಲಾವಣೆ ಕದ್ದುಮುಚ್ಚಿ ಆಗಿಬಿಟ್ಟಿದೆ. ಪರೀಕ್ಷೆ ಮಾಡಿ, ಅಳತೆ ಇಟ್ಟು, ರಾಜಾರೋಷವಾಗಿ ಮಾಡುವುದು ಬಾಕಿ.

ಅಶೋಕದ ಚಕ್ಕೆ, ಅಥವಾ ಅಶೋಕ ಅಂದುಕೊಂಡ ಚಕ್ಕೆ

ಪೇಟೆಯ ರಸ್ತೆ ಬದಿಯಲ್ಲಿ, ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ ಕಂಬದ ಹಾಗೆ ನೇರ ನಿಂತಿರುತ್ತದಲ್ಲ, ಅದು ಔಷಧಿಯ ಅಶೋಕ ಅಲ್ಲ. ಔಷಧಿಯ ಅಶೋಕ ಕೆಂಪು-ಕೇಸರಿ ಹೂಗೊಂಚಲಿನ ಮರ. ಪಶ್ಚಿಮ ಘಟ್ಟದಲ್ಲಿ ಹೊಳೆ ಹಳ್ಳದ ಪಕ್ಕ ನೆರಳಿನಲ್ಲಿ ಬೆಳೆಯುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು ಅಪಾಯದ ಅಂಚಿಗೆ ಬಂದ ಜಾತಿ. ಔಷಧಿಗೆ ಬರುವುದು ಅದರ ಕಾಂಡದ ತೊಗಟೆ.

ಕಾಡಿನಲ್ಲಿ ಅಷ್ಟು ಮರ ಇಲ್ಲ, ಬೇಡಿಕೆ ಮಾತ್ರ ಇಳಿದಿಲ್ಲ. ನಡುವಿನ ಅಂತರ ತುಂಬುವುದು ಹೇಗೆ? ಕಲಬೆರಕೆಯಿಂದ. ಆ ರಸ್ತೆ ಬದಿಯ ಮರದ ತೊಗಟೆಯೇ ಎಷ್ಟೋ ಸಲ ಅಶೋಕದ ಚಕ್ಕೆ ಆಗಿಬಿಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರೂ ಇದ್ದ ಒಂದು ತಂಡ ಮಾರುಕಟ್ಟೆಯ ಅಶೋಕ ಚಕ್ಕೆಗಳ ಡಿಎನ್‌ಎ ಪರೀಕ್ಷೆ ಮಾಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿತು. 80%ಕ್ಕೂ ಹೆಚ್ಚು ಮಾದರಿಗಳು ಅಶೋಕವೇ ಆಗಿರಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಶಾಸ್ತ್ರದಲ್ಲಿ ಹೇಳಿದ ಭಾಗವನ್ನು ಬಿಟ್ಟು ಬೇರೆ ಭಾಗ ಹಾಕಿದರೆ ಔಷಧಿ ಕೆಡುತ್ತದೆ ಅನ್ನುವವರು ಈಗ ಸಿಗುತ್ತಿರುವುದು ಶಾಸ್ತ್ರೋಕ್ತ ಔಷಧಿ ಅಂತ ನಂಬಿಕೊಂಡಿರುತ್ತಾರೆ. ನಿಜವಾದ ಆಯ್ಕೆ ಇರುವುದು ಅಶೋಕದ ತೊಗಟೆ ಮತ್ತು ಅಶೋಕದ ಸಣ್ಣ ಕೊಂಬೆಗಳ ನಡುವೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಸದ್ಯಕ್ಕೆ ಇರುವುದು ಅಶೋಕದ ಕೊಂಬೆ ಮತ್ತು ಯಾವುದೋ ಮರದ ತೊಗಟೆಯ ನಡುವೆ. ಸಣ್ಣ ಕೊಂಬೆಯಲ್ಲಿಯೂ ತೊಗಟೆ ಇರುತ್ತದೆ, ಕೊಂಬೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಆದ್ದರಿಂದಲೇ ತೊಗಟೆಯ ಮರಗಳಿಗೆ ಸಂಶೋಧಕರು ಮೊದಲು ಕಣ್ಣು ಹಾಕುವುದು ಎಲೆಯ ಮೇಲಲ್ಲ, ಸಣ್ಣ ಕೊಂಬೆಯ ಮೇಲೆ.

ಹೊರದೇಶಗಳಲ್ಲಿ ಆದದ್ದು

ಇದರಲ್ಲಿ ದೊಡ್ಡ ಗೆಲುವು ಕಂಡದ್ದು ಕ್ಯಾನ್ಸರ್ ಔಷಧಿ ಟ್ಯಾಕ್ಸಾಲ್. ಅಮೆರಿಕದ ಪಶ್ಚಿಮ ಕರಾವಳಿಯ ಪೆಸಿಫಿಕ್ ಯೂ ಅನ್ನುವ ಮರದ ತೊಗಟೆಯಿಂದ 1962ರಲ್ಲಿ ಮಾದರಿ ತೆಗೆದರು, ಅದರಲ್ಲಿ ಈ ರಾಸಾಯನಿಕ ಸಿಕ್ಕಿತು. ತೊಂದರೆ ಏನೆಂದರೆ 1 ಕೆಜಿ ಟ್ಯಾಕ್ಸಾಲ್‌ಗೆ ಸುಮಾರು 10,000 ಕೆಜಿ ಒಣ ತೊಗಟೆ ಬೇಕು. ಮರ ಬೆಳೆಯುವುದು ಬಹಳ ನಿಧಾನ, ತೊಗಟೆ ಸುಲಿದರೆ ಸಾಯುತ್ತದೆ. ರೋಗಿಗಳನ್ನು ಉಳಿಸಬೇಕೋ ಕಾಡನ್ನು ಉಳಿಸಬೇಕೋ ಅನ್ನುವ ಜಗಳವೇ ಅಲ್ಲಿ ಶುರುವಾಯಿತು.

ದಾರಿ ತೋರಿಸಿದ್ದು ಫ್ರಾನ್ಸಿನ ರಸಾಯನ ವಿಜ್ಞಾನಿ ಪಿಯರ್ ಪೊಟಿಯೆ ಅವರ ತಂಡ. ಯುರೋಪಿನ ತೋಟಗಳಲ್ಲಿ ಬೇಲಿಗೆ ಬೆಳೆಸುವ ಇನ್ನೊಂದು ಜಾತಿಯ ಯೂ ಇದೆ. ಅದರ ಎಲೆಯಲ್ಲಿ ಟ್ಯಾಕ್ಸಾಲ್‌ಗೆ ಒಂದು ಹೆಜ್ಜೆ ಹಿಂದಿನ ರಾಸಾಯನಿಕ ಇತ್ತು. ಎಲೆ ಕತ್ತರಿಸಿದರೆ ಮತ್ತೆ ಬರುತ್ತದೆ. ಅದನ್ನು ತೆಗೆದು ಪ್ರಯೋಗಾಲಯದಲ್ಲಿ ಟ್ಯಾಕ್ಸಾಲ್ ಆಗಿ ಬದಲಾಯಿಸಿದರು. ಅಮೆರಿಕದಲ್ಲಿ 1992ರ ಕೊನೆಗೆ ಔಷಧಿಗೆ ಒಪ್ಪಿಗೆ ಸಿಕ್ಕಿತು. ಅದಾಗಿ ಕೆಲವೇ ವರ್ಷಗಳಲ್ಲಿ ಪೆಸಿಫಿಕ್ ಯೂ ತೊಗಟೆಯ ಅಗತ್ಯವೇ ಹೋಯಿತು.

ಆದರೆ ಇದು ಸುಲಭದ ಪಂದ್ಯ. ಇಲ್ಲಿ ಬೇಕಾಗಿದ್ದು ಒಂದೇ ರಾಸಾಯನಿಕ, ಅದು ಎಲ್ಲಿಂದ ಬಂದರೂ ಅದೇ. ಕಷಾಯದಲ್ಲಿ ನೂರಾರು ರಾಸಾಯನಿಕಗಳು ಒಟ್ಟಿಗೆ ಇಳಿಯುತ್ತವೆ. ಯಾವುದು ಕೆಲಸ ಮಾಡುತ್ತಿದೆ, ಎಷ್ಟು ಸೇರಿ ಮಾಡುತ್ತಿವೆ ಅನ್ನುವುದೇ ಪೂರ್ತಿ ಗೊತ್ತಿರುವುದಿಲ್ಲ.

ಪಾರಂಪರಿಕ ಔಷಧಿಗೆ ಹತ್ತಿರದ ಉದಾಹರಣೆ ದಕ್ಷಿಣ ಆಫ್ರಿಕಾದ್ದು. ಅಲ್ಲಿ ಜುಲು ಜನ ಇಸಿಭಾಹಾ ಅನ್ನುವ ಮರ ಇದೆ, ತೊಗಟೆ ಮೆಣಸಿನ ಹಾಗೆ ಖಾರ. ಕೆಮ್ಮು ನೆಗಡಿಗೆ ಹೆಸರುವಾಸಿ. ಮಾರುಕಟ್ಟೆಗಾಗಿ ಸುಲಿದು ಸುಲಿದು ಕಾಡಿನಲ್ಲಿ ಮರಗಳೇ ಇಲ್ಲದಂತಾಯಿತು. 2000ನೇ ಇಸವಿಯಲ್ಲಿ ಅಲ್ಲಿನ ಸಂಶೋಧಕರು ಇದನ್ನೂ ಸೇರಿಸಿ ನಾಲ್ಕು ಗಿಡಗಳ ಬೇರೆ ಬೇರೆ ಭಾಗಗಳನ್ನು ಪ್ರಯೋಗಾಲಯದಲ್ಲಿ ಹೋಲಿಸಿದರು. ರಾಸಾಯನಿಕಗಳು ಹೊಂದುತ್ತವಾ, ಬ್ಯಾಕ್ಟೀರಿಯಾ ಮತ್ತು ಉರಿಯೂತದ ಮೇಲೆ ಪರಿಣಾಮ ಹೊಂದುತ್ತದಾ ಅಂತ. ಈ ವಿಷಯದ ಬಗ್ಗೆ ಇವತ್ತಿಗೂ ಎಲ್ಲರೂ ಎತ್ತಿ ಹೇಳುವ ಕೆಲಸ ಅದು. ಮುಂದೆ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಸುತ್ತಲಿನ ನಾಟಿ ವೈದ್ಯರಿಗೆ ಈ ಮರದ ಸಸಿ ಹಂಚಿ, ತೊಗಟೆ ಬಿಟ್ಟು ಎಲೆ ಬಳಸಿ ಅಂತ ಕೇಳಿಕೊಳ್ಳುವ ಕಾರ್ಯಕ್ರಮ ಬಂತು. ಕಾಡಿಗೆ ಹೋಗುವ ಬದಲು ವೈದ್ಯರ ಹಿತ್ತಿಲಲ್ಲೇ ಮರ. ನನಗೆ ಇದರಲ್ಲಿ ಇಷ್ಟವಾಗುವುದು ವೈದ್ಯರನ್ನು ಕಳ್ಳರ ಹಾಗೆ ನೋಡದೆ ಅವರನ್ನೇ ಬೆಳೆಗಾರರಾಗಿ ಮಾಡಿದ ಜಾಣತನ.

ಹಾಗಾದರೆ ಅಶ್ವಗಂಧದ ಎಲೆ ಯಾಕೆ ಬೇಡ?

ಈಗ ಮೊದಲಿನ ಗೊಂದಲಕ್ಕೆ ಬರೋಣ. ಅಶ್ವಗಂಧ ಅಂದರೆ ನಮ್ಮ ಹಿರೇಮದ್ದಿನ ಗಿಡ. ಬೇರನ್ನು ಹೊಟ್ಟೆಗೆ ಕೊಡುವ ರೂಢಿ ಹಳೆಯದು, ಎಲೆಯನ್ನು ಹೆಚ್ಚಾಗಿ ಅರೆದು ಊತಕ್ಕೆ, ಗಾಯಕ್ಕೆ ಹೊರಗಿನಿಂದ ಹಚ್ಚುತ್ತಿದ್ದರು.

ಇಲ್ಲಿ ಕಾಡು ಉಳಿಸುವ ಪ್ರಶ್ನೆಯೇ ಇಲ್ಲ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಇದು ಹೊಲದ ಬೆಳೆ. ಬಿತ್ತಿ, ಕೆಲವು ತಿಂಗಳಲ್ಲಿ ಕಿತ್ತು, ಮುಂದಿನ ವರ್ಷ ಮತ್ತೆ ಬಿತ್ತುತ್ತಾರೆ. ಬೇರು ಕಿತ್ತರೆ ಜಾತಿಗೆ ಏನೂ ನಷ್ಟವಿಲ್ಲ. ಎಲೆ ಬಂದದ್ದು ಅಗ್ಗ ಅಂತ. ಹೊಲದಲ್ಲಿ ಉಳಿಯುವ ಸೊಪ್ಪು ಅದು. ಅದರ ಸಾರ ತೆಗೆದು ಬೇರಿನ ಸಾರಕ್ಕೆ ಬೆರೆಸಿದರೆ ಪರೀಕ್ಷೆಯಲ್ಲಿ ವಿಥನೋಲೈಡ್ ಅನ್ನುವ ಗುಂಪಿನ ರಾಸಾಯನಿಕಗಳ ಅಂಕಿ ಜಾಸ್ತಿ ಬರುತ್ತದೆ, ಡಬ್ಬಿಯ ಮೇಲೆ ದೊಡ್ಡ ಶೇಕಡಾ ಹಾಕಬಹುದು.

ಒಟ್ಟು ಅಂಕಿ ಜಾಸ್ತಿ ಇದ್ದ ಮಾತ್ರಕ್ಕೆ ಒಳಗಿರುವುದು ಅದೇ ಅಂತಲ್ಲ. ಎಲೆಯಲ್ಲಿ ವಿಥಾಫೆರಿನ್-ಎ ಜಾಸ್ತಿ. ಅದು ಜೀವಕೋಶಗಳನ್ನು ಕೊಲ್ಲಬಲ್ಲ ರಾಸಾಯನಿಕ. ಕ್ಯಾನ್ಸರ್ ಸಂಶೋಧಕರಿಗೆ ಆಸಕ್ತಿ ಹುಟ್ಟಿಸಿರುವುದೂ ಅದೇ ಕಾರಣಕ್ಕೆ. ದಿನಾ ತೆಗೆದುಕೊಳ್ಳುವ ಶಕ್ತಿವರ್ಧಕದಲ್ಲಿ ಅದು ಎಷ್ಟಿದ್ದರೆ ಸರಿ ಅನ್ನುವುದಕ್ಕೆ ಶತಮಾನಗಳ ಬಳಕೆಯ ಅನುಭವವೂ ಇಲ್ಲ, ಸಾಕಷ್ಟು ಪರೀಕ್ಷೆಯೂ ಆಗಿಲ್ಲ. ಸಚಿವಾಲಯ ಎಲೆ ಬೇಡ ಅಂದದ್ದಕ್ಕೆ ಹಿನ್ನೆಲೆ ಇದು.

ಎರಡು ಪ್ರಕರಣಗಳ ವ್ಯತ್ಯಾಸ ಈಗ ಕಾಣುತ್ತದೆ. ಒಂದು ಕಡೆ ಮರ ಮುಗಿಯುತ್ತಿದೆ, ರಾಸಾಯನಿಕ ಹೋಲಿಕೆ ಇರುವ ಭಾಗವನ್ನು ಪರೀಕ್ಷಿಸಿ ತರಲು ನೋಡುತ್ತಿದ್ದಾರೆ. ಇನ್ನೊಂದು ಕಡೆ ಗಿಡಕ್ಕೆ ಯಾವ ಕೊರತೆಯೂ ಇಲ್ಲ, ದುಡ್ಡು ಉಳಿಸಲು ಬೇರೆ ಗುಣದ ಭಾಗ ಸೇರಿಸುತ್ತಿದ್ದಾರೆ.

ಬದಲಿಸಲು ಬರದೇ ಇರುವವು

ಮಾಗಳಿ ಬೇರಿನ ಉಪ್ಪಿನಕಾಯಿ ತಿಂದವರಿಗೆ ಆ ವಾಸನೆ ಗೊತ್ತು. ಕೆಲವರಿಗೆ ಪ್ರಾಣ, ಕೆಲವರು ಮೂಗು ಮುಚ್ಚಿಕೊಳ್ಳುತ್ತಾರೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಡೆಯ ಕಾಡುಗಳಲ್ಲಿ ಬಂಡೆ ಸಂದಿಯಲ್ಲಿ ಬೆಳೆಯುವ ಬಳ್ಳಿ ಅದು. ಉಪ್ಪಿನಕಾಯಿಗೂ ಬೇಕು, ನಾಮದ ಬೇರಿನ ಜಾಗದಲ್ಲಿ ಔಷಧಿಗೂ ಹೋಗುತ್ತದೆ. ಆ ವಾಸನೆಗೆ ಕಾರಣವಾದ ರಾಸಾಯನಿಕ ವೆನಿಲಾ ವಾಸನೆಯ ವೆನಿಲಿನ್‌ನ ಹತ್ತಿರದ ನೆಂಟ, ಇರುವುದು ಬೇರಿನಲ್ಲಿ. ಎಲೆ ಹಾಕಿ ಮಾಗಳಿ ಉಪ್ಪಿನಕಾಯಿ ಮಾಡಲು ಆಗುವುದಿಲ್ಲ. ಕಾಡಿನಿಂದ ಅಗೆದು ಅಗೆದು ಈ ಬಳ್ಳಿಯೂ ಅಳಿವಿನ ಪಟ್ಟಿ ಸೇರಿದೆ. ಇಂಥ ಕಡೆ ಉಳಿದಿರುವ ದಾರಿ ಬೆಳೆಸುವುದು, ಇಲ್ಲವೇ ಅಗೆಯುವಾಗ ಒಂದೆರಡು ಬೇರನ್ನು ಮಣ್ಣಲ್ಲೇ ಬಿಟ್ಟು ಬರುವುದು.

ಏಕನಾಯಕದ್ದು ಸ್ವಲ್ಪ ಮಧ್ಯದ ಸ್ಥಿತಿ. ಸಕ್ಕರೆ ಕಾಯಿಲೆಗೆ ಇದರ ಬೇರನ್ನು ಬಳಸುತ್ತಾರೆ. ಶ್ರೀಲಂಕಾದಲ್ಲಿ ಇದರ ಹತ್ತಿರದ ಜಾತಿಗೆ ಕೊತಲ ಹಿಂಬುಟು ಅನ್ನುತ್ತಾರೆ. ಜಪಾನಿನ ವಿಜ್ಞಾನಿಗಳು 1997ರಲ್ಲಿ ಇದರಿಂದ ಸಲಾಸಿನಾಲ್ ಅನ್ನುವ ರಾಸಾಯನಿಕ ಬೇರ್ಪಡಿಸಿದರು, ಪಿಷ್ಟ ಸಕ್ಕರೆಯಾಗುವುದನ್ನು ಅದು ತಡೆಯುತ್ತದೆ. ಈ ಗುಂಪಿನ ರಾಸಾಯನಿಕಗಳು ಬೇರಿನಲ್ಲೂ ಇವೆ, ಕಾಂಡದಲ್ಲೂ ಇವೆ. ಥಾಯ್ಲೆಂಡಿನಲ್ಲಿ ಬಳಸುವುದೇ ಕಾಂಡ. ಹಾಗಾಗಿ ಬೇರು ಬಿಟ್ಟು ಕಾಂಡ ಕತ್ತರಿಸುವುದಕ್ಕೆ ಇಲ್ಲಿ ಅರ್ಥ ಇದೆ.

ಹಳೆಯ ಗ್ರಂಥಗಳು ಏನನ್ನುತ್ತವೆ?

ಋಷಿಗಳು ಹೇಳಿದ್ದನ್ನು ಬದಲಿಸುವುದು ಹೇಗೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಬದಲಿಸುವ ದಾರಿ ಗ್ರಂಥದೊಳಗೇ ಇದೆ. ಸಿಗದ ಮೂಲಿಕೆಯ ಜಾಗದಲ್ಲಿ ಬಳಸುವುದಕ್ಕೆ ಪ್ರತಿನಿಧಿ ದ್ರವ್ಯ ಅನ್ನುತ್ತಾರೆ. 16ನೇ ಶತಮಾನದ ಭಾವಪ್ರಕಾಶದಲ್ಲಿ ಇದರ ಪಟ್ಟಿಯೇ ಇದೆ. ಮೇದಾ, ಮಹಾಮೇದಾ ಸಿಗದಿದ್ದರೆ ಶತಾವರಿ. ಜೀವಕ, ಋಷಭಕ ಇಲ್ಲದಿದ್ದರೆ ವಿದಾರಿ. ಕಾಕೋಲಿ, ಕ್ಷೀರಕಾಕೋಲಿ ಬದಲು ಅಶ್ವಗಂಧ. ಋದ್ಧಿ, ವೃದ್ಧಿ ಬದಲು ವಾರಾಹಿ. ಚ್ಯವನಪ್ರಾಶಕ್ಕೆ ಬೇಕಾದ ಎಂಟು ಹಿಮಾಲಯದ ಮೂಲಿಕೆಗಳು ಇವೇ. ಅಷ್ಟವರ್ಗ ಅನ್ನುತ್ತಾರೆ. ಅಂದರೆ ಆಗಲೇ ಅವು ಸಿಗುವುದು ಕಷ್ಟವಾಗಿತ್ತು.

ಹಿಮಾಲಯದ ಅತಿವಿಷ ಅನ್ನುವ ಮೂಲಿಕೆಯ ಬದಲು ತುಂಗೆಗಡ್ಡೆ ಹಾಕಬಹುದು ಅನ್ನುವುದೂ ಅಲ್ಲಿದೆ. ಎರಡಕ್ಕೂ ಸಸ್ಯಶಾಸ್ತ್ರದ ಪ್ರಕಾರ ಯಾವ ನೆಂಟಸ್ತಿಕೆಯೂ ಇಲ್ಲ. ಬೆಂಗಳೂರಿನಲ್ಲಿ 1993ರಲ್ಲಿ ಶುರುವಾದ, ನಾಟಿ ವೈದ್ಯ ಪರಂಪರೆಗಳ ಮೇಲೆ ಕೆಲಸ ಮಾಡುವ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಸಂಶೋಧಕರು ಈ ಜೋಡಿಯನ್ನೇ ಪ್ರಯೋಗಾಲಯಕ್ಕೆ ತಂದು, ಯಾವ ಆಧಾರದ ಮೇಲೆ ಹಿಂದಿನವರು ಒಂದರ ಬದಲು ಇನ್ನೊಂದನ್ನು ಹೇಳಿರಬಹುದು ಅಂತ ಹುಡುಕಿದ್ದಾರೆ. ಹಿಂದಿನವರ ಅಳತೆಗೋಲು ರಸ, ಗುಣ, ವೀರ್ಯ, ವಿಪಾಕ, ಅಂದರೆ ರುಚಿ, ಸ್ವಭಾವ, ಶಕ್ತಿ, ಜೀರ್ಣವಾದ ಮೇಲಿನ ಪರಿಣಾಮ. ಗಿಡದ ಕುಲ ನೋಡದೆ ಅದು ದೇಹದಲ್ಲಿ ಮಾಡುವ ಕೆಲಸವನ್ನು ನೋಡುತ್ತಿದ್ದರು.

ಪರೀಕ್ಷೆ ಹೇಗೆ ಮಾಡುತ್ತಾರೆ?

ಮೊದಲು ಎರಡೂ ಭಾಗಗಳ ರಾಸಾಯನಿಕ ಬೆರಳಚ್ಚು ತೆಗೆಯುತ್ತಾರೆ. ಎಚ್‌ಪಿಟಿಎಲ್‌ಸಿ ಅನ್ನುವ ವಿಧಾನದಲ್ಲಿ ಸಾರವನ್ನು ಒಂದು ತಟ್ಟೆಯ ಮೇಲೆ ಹರಿಯಬಿಟ್ಟರೆ ಒಳಗಿನ ರಾಸಾಯನಿಕಗಳು ಬೇರೆ ಬೇರೆ ಎತ್ತರದಲ್ಲಿ ಪಟ್ಟಿ ಪಟ್ಟಿಯಾಗಿ ನಿಲ್ಲುತ್ತವೆ. ಬೇರಿನ ಪಟ್ಟಿ, ಕೊಂಬೆಯ ಪಟ್ಟಿ ಪಕ್ಕಪಕ್ಕ ಇಟ್ಟರೆ ಎಲ್ಲಿ ಹೊಂದುತ್ತದೆ, ಎಲ್ಲಿ ತಪ್ಪುತ್ತದೆ ಕಣ್ಣಿಗೇ ಕಾಣುತ್ತದೆ. ಮುಖ್ಯ ರಾಸಾಯನಿಕ ಎಷ್ಟು ಪ್ರಮಾಣದಲ್ಲಿ ಇದೆ ಅಂತಲೂ ಅಳೆಯುತ್ತಾರೆ, ಯಾಕೆಂದರೆ ಅರ್ಧದಷ್ಟೇ ಇದ್ದರೆ ದುಪ್ಪಟ್ಟು ಹಾಕಬೇಕಾಗುತ್ತದೆ.

ಪಟ್ಟಿ ಹೊಂದಿದರೆ ಕೆಲಸ ಮುಗಿಯಲಿಲ್ಲ. ಎರಡೂ ಒಂದೇ ಥರ ಕೆಲಸ ಮಾಡುತ್ತವಾ ಅಂತ ಜೀವಕೋಶಗಳಲ್ಲಿ, ಪ್ರಾಣಿಗಳಲ್ಲಿ ನೋಡಬೇಕು. ಹೊಸ ಭಾಗದಲ್ಲಿ ಹಳೆಯದರಲ್ಲಿ ಇಲ್ಲದ ವಿಷ ಏನಾದರೂ ಇದೆಯಾ ಅಂತ ಬೇರೆಯಾಗಿ ನೋಡಬೇಕು. ಅಶ್ವಗಂಧದಲ್ಲಿ ಎಡವುವುದು ಇಲ್ಲೇ. ಕೊನೆಗೆ ರೋಗಿಗಳ ಮೇಲಿನ ಅಧ್ಯಯನ. ತುಂಬ ಗಿಡಗಳ ವಿಷಯದಲ್ಲಿ ಕೆಲಸ ಮೊದಲ ಎರಡು ಹಂತದಲ್ಲೇ ನಿಂತಿದೆ. ಹಾಗಾಗಿ ರಾಸಾಯನಿಕ ಹೋಲಿಕೆ ಕಂಡಿತು ಅನ್ನುವ ಸುದ್ದಿ ಓದಿದಾಗ ಔಷಧಿಯೂ ಸಮ ಅಂತ ಆಗಲೇ ತೀರ್ಮಾನಿಸಬೇಡಿ.

ಕಾನೂನಿನ ತೊಡಕೂ ಇದೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಲ್ಲಿ ಪಟ್ಟಿ ಮಾಡಿದ ಗ್ರಂಥಗಳಲ್ಲಿ ಹೇಗಿದೆಯೋ ಹಾಗೆಯೇ ಶಾಸ್ತ್ರೀಯ ಔಷಧಿ ತಯಾರಾಗಬೇಕು. ಕಂಪನಿಯೊಂದು ತನ್ನಷ್ಟಕ್ಕೆ ತಾನೇ ಬೇರಿನ ಬದಲು ಕೊಂಬೆ ಹಾಕಿ ಅದೇ ಹೆಸರಿನಲ್ಲಿ ಮಾರುವ ಹಾಗಿಲ್ಲ. ಔಷಧಕೋಶದಲ್ಲಿ ಆ ಭಾಗ ಸೇರಬೇಕು. ಅದು ನಿಧಾನದ ಕೆಲಸ, ನಿಧಾನವೇ ಆಗಬೇಕಾದದ್ದು ಕೂಡ.

ಎಲೆ ಅಂದಮಾತ್ರಕ್ಕೆ ಮರಕ್ಕೆ ಕ್ಷೇಮವಾ?

ಅಲ್ಲ. ಇದನ್ನು ಮಲೆನಾಡಿನವರು ಚೆನ್ನಾಗಿ ಬಲ್ಲರು. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು ತರಲು ಸೊಪ್ಪಿನ ಬೆಟ್ಟ ಇರುತ್ತದೆ. ಹದವಾಗಿ ಸವರಿದ ಬೆಟ್ಟ ಇವತ್ತಿಗೂ ಹಸಿರಾಗಿದೆ. ವರ್ಷ ವರ್ಷ ಬಿಡುವಿಲ್ಲದೆ ಬೋಳಿಸಿದ ಕಡೆ ಮರಗಳು ಮೋಟಾಗಿ, ಹೂವು ಕಾಯಿ ಬಿಡದೆ, ಹೊಸ ಸಸಿ ಏಳದೆ ಬೆಟ್ಟ ಬರಡಾಗಿದೆ. ಎಲೆಯೂ ಮುಗಿಯುವ ವಸ್ತುವೇ. ಹಣ್ಣು, ಬೀಜ ಕೂಡ ಅಷ್ಟೆ. ಎಲ್ಲ ಹಣ್ಣನ್ನೂ ಕೊಯ್ದುಕೊಂಡು ಹೋದರೆ ಮರ ಸಾಯುವುದಿಲ್ಲ, ಅದರ ಸಂತಾನ ನಿಲ್ಲುತ್ತದೆ.

ದುಡ್ಡಿನ ಲೆಕ್ಕವೂ ಬದಲಾಗುತ್ತದೆ. ಬೇರು ಅಗೆಯುವುದು ಕಷ್ಟದ ಕೆಲಸ, ಅದಕ್ಕೆ ಬೆಲೆ ಇದೆ. ಎಲೆ ಹಗುರ, ಒಣಗಿಸಿದರೆ ತೂಕವೇ ಇಲ್ಲ, ಬೇಗ ಬೂಷ್ಟು ಹಿಡಿಯುತ್ತದೆ. ಕಾಡಿನ ಅಂಚಿನ ಕುಟುಂಬಕ್ಕೆ ಬೇರಿನ ಬದಲು ಎಲೆ ತನ್ನಿ ಅಂದರೆ ದಿನದ ಕೂಲಿ ಹೊಂದುತ್ತಾ ಅಂತಲೂ ಕೇಳಬೇಕು. ರೈತರಿಗೆ ಮಾತ್ರ ಇದರಲ್ಲಿ ಅನುಕೂಲ ಜಾಸ್ತಿ. ಬೇರಿಗೋಸ್ಕರ ಬಿಲ್ವ ನೆಟ್ಟರೆ ಹತ್ತಾರು ವರ್ಷ ಕಾದು ಒಂದೇ ಸಲ ದುಡ್ಡು ಕಾಣಬೇಕು. ಕೊಂಬೆಗೆ ಮಾರುಕಟ್ಟೆ ಸಿಕ್ಕರೆ ಬದುವಿನ ಮೇಲಿನ ಮರವೇ ವರ್ಷ ವರ್ಷ ಆದಾಯ ಕೊಡಬಹುದು. ಶಿವನಿಯನ್ನು ಹೇಗೂ ನಾಟಾಕ್ಕೆ ಬೆಳೆಯುವವರಿದ್ದಾರೆ, ಅದು ಬೇಗ ಬೆಳೆಯುವ ಮರ ಕೂಡ.

ಮನೆಯಲ್ಲಿ ಕಷಾಯ ಮಾಡುವವರಿಗೆ

ಬೇರು ಸಿಗಲಿಲ್ಲ, ಎಲೆ ಇದೆ, ಅದನ್ನೇ ಕುದಿಸಿ ಕುಡಿಯೋಣ ಅಂತ ನೀವಾಗಿಯೇ ಬದಲಿಸಬೇಡಿ. ಬಸುರಿ, ಬಾಣಂತಿ, ಮಕ್ಕಳ ವಿಷಯದಲ್ಲಂತೂ ಬೇಡವೇ ಬೇಡ. ವೈದ್ಯರನ್ನು ಕೇಳುವಾಗ ಗಿಡದ ಹೆಸರಿನ ಜೊತೆ ಯಾವ ಭಾಗ ಅಂತಲೂ ಕೇಳಿ. ಗ್ರಂಥಿಗೆ ಅಂಗಡಿಯಲ್ಲೂ ಕೇಳಿ.

ಅಮೃತಬಳ್ಳಿ ಇಟ್ಟುಕೊಂಡವರಿಗೆ ಇದೆಲ್ಲ ಚಿಂತೆ ಕಡಿಮೆ, ಅದರಲ್ಲಿ ಔಷಧಿಗೆ ಬರುವುದೇ ಕಾಂಡ. ಬುಡದಿಂದ ಎರಡು ಅಡಿ ಬಿಟ್ಟು ಮೇಲಿನದನ್ನು ಕತ್ತರಿಸಿಕೊಳ್ಳಿ, ಒಂದು ಗೇಣು ತುಂಡನ್ನು ಬೇಲಿ ಪಕ್ಕ ಮಣ್ಣಿಗೆ ಚುಚ್ಚಿ. ಅದು ಅಮೃತಬಳ್ಳಿಯೇ ಹೌದಾ ಅಂತ ಮೊದಲು ಗೊತ್ತಿರುವವರಿಗೆ ತೋರಿಸಿ. ನೋಡಲು ಅದರ ಹಾಗೆಯೇ ಇರುವ, ಕಾಂಡದ ಮೇಲೆ ಗಂಟು ಗಂಟಾಗಿರುವ ಇನ್ನೊಂದು ಜಾತಿಯೂ ಇದೆ. ಅದು ಒಳ್ಳೆಯದಲ್ಲ ಅಂತ ಆಯುಷ್ ಸಚಿವಾಲಯವೇ ಎಚ್ಚರಿಸಿದೆ.